ಖಾರದ ಪುಡಿಯ ಕೆಂಪು ಯಾರದು?

ಹೋದ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಲ್ಯಾಬಿಗೆ ಒಬ್ಬ ವ್ಯಾಪಾರಿ ಖಾರದ ಪುಡಿಯ ಪೊಟ್ಟಣ ಹಿಡಿದುಕೊಂಡು ಬಂದರು. "ಬಣ್ಣ ಹಾಕ್ಯಾರೇನ್ ನೋಡ್ರಿ ಸರ. ಕೈಗೆ ಹತ್ತಿದ್ದು ಎರಡು ದಿನ ಆದ್ರೂ ಹೋಗಿಲ್ಲ."

ಪುಡಿಯೇನೋ ಕೆಂಪಗಿತ್ತು. ಆದರೆ ಒಳ್ಳೆಯ ಬ್ಯಾಡಗಿ ಕಾಯಿಯ ಪುಡಿಯೂ ಕೆಂಪಗೇ ಇರುತ್ತದೆ. ಕಾಯಿಯ ಕೆಂಪೋ, ಸುಡಾನ್ ಬಣ್ಣದ ಕೆಂಪೋ ಅಂತ ಕಣ್ಣು ಹೇಳಲಾರದು. ಸುಡಾನ್ ಅಂದರೆ ಮೇಣ, ಪಾಲಿಶ್‌ಗಳಿಗೆ ಹಾಕುವ ಬಣ್ಣ, ತಿನ್ನುವ ಪದಾರ್ಥಕ್ಕೆ ಹಾಕುವಂತಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ಖಾರದ ಪುಡಿಯೊಳಗೆ ಇದು ಸಿಕ್ಕಿತೆಂದು 400ಕ್ಕೂ ಹೆಚ್ಚು ಬಗೆಯ ತಿಂಡಿ, ಸಾಸ್‌ಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದ್ದರು.

ಹಾಗಾದರೆ ಬೇರ್ಪಡಿಸಿಯೇ ನೋಡಬೇಕು. ಅದಕ್ಕೇ ಕ್ರೊಮ್ಯಾಟೋಗ್ರಫಿ. ಹೆಸರು ದೊಡ್ಡದು, ಒಳಗಿನ ಸಂಗತಿ ಜಾತ್ರೆಯಲ್ಲಿ ನಡೆದಷ್ಟೇ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೀರಲ್ವಾ? ಮನೆಮಂದಿ ಎಲ್ಲ ಒಟ್ಟಿಗೇ ಹೊರಡುತ್ತಾರೆ. ಜನರ ನೂಕು ಎಲ್ಲರನ್ನೂ ಒಂದೇ ಕಡೆಗೆ ತಳ್ಳುತ್ತದೆ. ಅತ್ತೆಗೆ ಬಳೆ ಅಂಗಡಿ ಕಂಡರೆ ಕಾಲು ಏಳುವುದಿಲ್ಲ. ಮಕ್ಕಳು ಮಿರ್ಚಿ ಬಾಣಲಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮಾವ ಯಾವ ಅಂಗಡಿಯ ಕಡೆಗೂ ತಿರುಗುವುದಿಲ್ಲ. ಬೀದಿಯ ಆ ತುದಿಗೆ ಮಾವ ಮೊದಲು, ಅತ್ತೆ ಕೊನೆಗೆ. ಒಂದು ಮಾತು ಗಮನಿಸಿ: ನಡೆಯುವಾಗ ಎಲ್ಲರ ವೇಗವೂ ಒಂದೇ, ಜನರ ನೂಕಿನ ವೇಗ. ಬೇರೆಯಾಗುವುದು ಯಾರು ಎಷ್ಟು ಹೊತ್ತು ನಿಂತರು ಅನ್ನುವುದರಲ್ಲಿ. ಮಿಶ್ರಣದ ಅಣುಗಳೂ ಹೀಗೇ. ಹರಿಯುವ ದ್ರವ ಅವನ್ನು ತಳ್ಳುತ್ತದೆ, ನಿಂತ ಪದಾರ್ಥ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅಂಟು ಜಾಸ್ತಿ ಇದ್ದದ್ದು ತಡವಾಗಿ ಬರುತ್ತದೆ.

ಮನೆಯಲ್ಲೇ ನೋಡಬಹುದು. ಸೀಮೆಸುಣ್ಣದ ಬುಡದಿಂದ ಒಂದು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆ ಇಡಿ. ತಟ್ಟೆಯಲ್ಲಿ ತೆಳುವಾಗಿ ನೀರು ಹಾಕಿ ಅದನ್ನು ನಿಲ್ಲಿಸಿ. ಚುಕ್ಕೆ ಮಾತ್ರ ನೀರಿಗೆ ತಾಗಬಾರದು. ನೀರು ಏರಿದಂತೆ ಕಪ್ಪಿನೊಳಗಿನ ನೀಲಿ, ಕೆಂಪು, ಹಳದಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ, ಎಲೆಯ ರಸವನ್ನು ಅದರ ಮೂಲಕ ಇಳಿಸಿದ. ಹಸಿರು, ಹಳದಿ ಪಟ್ಟಿಗಳು ಬೇರೆ ಬೇರೆ ನಿಂತವು. 1906ರಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಅಂದರೂ ಬಣ್ಣವೇ!

ನಮ್ಮ ಎಚ್‌ಪಿಎಲ್‌ಸಿ ಯಂತ್ರವೂ ಇದೇ ಕೆಲಸ ಮಾಡುತ್ತದೆ, ಅದರ ಕೊಳವೆ ಒಂದು ಗೇಣು ಉದ್ದದ ಉಕ್ಕಿನದು. ಒಳಗೆ 5 ಮೈಕ್ರಾನ್, ಅಂದರೆ ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ಸಣ್ಣ, ಸಿಲಿಕಾ ಕಣಗಳು, ಅವುಗಳ ಮೇಲೆ ಎಣ್ಣೆಯ ಗುಣದ ಲೇಪ. ಕಣಗಳು ಅಷ್ಟು ಒತ್ತಾಗಿರುವುದರಿಂದ ದ್ರವವನ್ನು ಪಂಪ್ ಒತ್ತಿಯೇ ದಾಟಿಸಬೇಕು. ತುದಿಗೆ ಬಂದ ಪ್ರತಿ ಪದಾರ್ಥಕ್ಕೂ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ನಾವು ಪೀಕ್ ಅನ್ನುತ್ತೇವೆ.

ಆ ದಿನ ಬೆಳಿಗ್ಗೆ, ನಾವು ಹುಡುಕುವ ನಾಲ್ಕು ಸುಡಾನ್ ಬಣ್ಣಗಳಲ್ಲಿ ಒಂದಾದ ಸುಡಾನ್ 1 ಅನ್ನು ಶುದ್ಧವಾಗಿ ಬಿಟ್ಟಾಗ ಪೀಕ್ ಬಂದದ್ದು 7.3 ನಿಮಿಷಕ್ಕೆ. ಮಧ್ಯಾಹ್ನ ವ್ಯಾಪಾರಿಯ ಪುಡಿಯ ಸಾರ ಬಿಟ್ಟೆ. ಅದರಲ್ಲೂ 7.3ಕ್ಕೆ ಸಣ್ಣದೊಂದು ಪೀಕ್. ಸಿಕ್ಕಿತು ಅಂದುಕೊಂಡೆ. ರಿಪೋರ್ಟ್ ಅರ್ಧ ಬರೆದೂ ಆಗಿತ್ತು.

ಆಮೇಲೆ ಬೆನ್ನ ಮೇಲೆ ಬೆವರು ಇಳಿಯುತ್ತಿರುವುದು ಗಮನಕ್ಕೆ ಬಂತು. ನಡುವೆ ಕರೆಂಟ್ ಹೋಗಿತ್ತು. ಯಂತ್ರಕ್ಕೆ ಯುಪಿಎಸ್ ಇದೆ, ಎಸಿಗೆ ಇಲ್ಲ. ಮೇ ತಿಂಗಳ ರಾಯಚೂರು, ಕೇಳಬೇಕೇ! ನಮ್ಮ ಯಂತ್ರ ಕೊಳವೆಯನ್ನು ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಬಿಸಿ ಏರಿದರೆ ಅಂಟು ಸಡಿಲವಾಗುತ್ತದೆ, ಎಲ್ಲವೂ ಬೇಗ ಬರುತ್ತವೆ. ಶುದ್ಧ ಸುಡಾನನ್ನು ಮತ್ತೆ ಬಿಟ್ಟೆ. ಈಗ 6.8ಕ್ಕೇ ಬಂತು. ಅಂದರೆ ಪುಡಿಯ 7.3ರ ಪೀಕ್ ಬೇರೆ ಯಾವುದರದೋ ಇರಬೇಕು.

ಖಾತ್ರಿಗೆ ಪುಡಿಯ ಸಾರಕ್ಕೆ ಒಂದಿಷ್ಟು ಸುಡಾನ್ ನಾನೇ ಬೆರೆಸಿ ನೋಡಿದೆ. ಎರಡೂ ಒಂದೇ ಆಗಿದ್ದರೆ ಅದೇ ಪೀಕ್ ಎತ್ತರವಾಗಬೇಕು. ಆಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿತು. ಮೊದಲಿನದರ ಬೆಳಕು ಹೀರುವ ರೀತಿಯೂ ಕಾಯಿಯ ಸ್ವಂತ ಬಣ್ಣಗಳಂತೆಯೇ ಇತ್ತು. ಶುದ್ಧ ಸ್ಯಾಂಪಲ್ ಮತ್ತೆ ಬಿಡದೆ ರಿಪೋರ್ಟಿಗೆ ಕೈ ಹಾಕಿದ್ದು ನನ್ನದೇ ತಪ್ಪು. ಅವಸರ, ಮತ್ತೇನಲ್ಲ. ಇಬ್ಬರು ಒಂದೇ ಹೊತ್ತಿಗೆ ಬೀದಿಯ ತುದಿ ಮುಟ್ಟಿದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರಾ? ಪೀಕ್ ಎದ್ದ ಜಾಗ ಹೇಳುವುದು ಬಂದ ಹೊತ್ತನ್ನು ಮಾತ್ರ.

ಮರುದಿನ ವ್ಯಾಪಾರಿಗೆ ಹೇಳಿದೆ: ನಾವು ಹುಡುಕಿದ ನಾಲ್ಕು ಸುಡಾನ್ ಬಣ್ಣಗಳಲ್ಲಿ ಯಾವುದೂ ಕಾಣಲಿಲ್ಲ.

"ಮತ್ತ ಕೈಗೆ ಯಾಕ್ ಹತ್ತ್ಯಾದ್ರಿ ಸರ?"

ಕಾಯಿಯ ಕೆಂಪೂ ಎಣ್ಣೆಯಲ್ಲಿ ಕರಗುವಂಥದ್ದು, ಬರೀ ನೀರಿಗೆ ಬಗ್ಗುವುದಿಲ್ಲ. ಮೊದಲು ಸ್ವಲ್ಪ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೀರಿ ಅಂದೆ.