'ಇದು ಅವರದೇ ಕಥೆಯೇ?'

ಚಿತ್ರದಲ್ಲಿ ನಿಂತವಳು ಕಲಾವಿದೆಯೇ ಎಂದು ತಿಳಿದರೆ ಸಾಕು, ಪ್ರಶ್ನೆ ಬಂದೇ ಬರುತ್ತದೆ: "ಇದು ಅವರ ಸ್ವಂತ ಜೀವನವೇ?" ಆಸ್ಟ್ರೇಲಿಯಾದ ಗ್ಯಾಲರಿಗಳಲ್ಲಿ ಸಂದರ್ಶಕರಿಗೆ ಛಾಯಾಚಿತ್ರಗಳನ್ನು ವಿವರಿಸುವುದು ನನ್ನ ಕೆಲಸ. ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಗಂಡಸರು ತೆಗೆದ ಚಿತ್ರಗಳ ಮುಂದೆ ಇದೇ ಜನ ಲೆನ್ಸ್ ಯಾವುದು, ಬೆಳಕು ಎಲ್ಲಿಂದ ಎಂದು ವಿಚಾರಿಸುತ್ತಾರೆ.

ಆಸ್ಟ್ರೇಲಿಯಾದ ಛಾಯಾಚಿತ್ರ ಕಲಾವಿದೆ ಟ್ರೇಸಿ ಮಾಫಟ್ ಅವರ 'ಸಮ್‌ಥಿಂಗ್ ಮೋರ್' ನೋಡಿ. 1989ರ ಒಂಬತ್ತು ಚಿತ್ರಗಳ ಸರಣಿ. ಗುಡಿಸಲಿನ ಮುಂದೆ ಕೆಂಪು ಚೀನೀ ಉಡುಪಿನ ಯುವತಿ, ಊರು ಬಿಟ್ಟು ಹೊರಡುವ ತವಕ. ಆ ಪಾತ್ರದಲ್ಲಿ ನಿಂತವರು ಮಾಫಟ್ ಅವರೇ. ಹಿಂದಿನ ನಿಸರ್ಗವೋ, ಕಂಪನಿ ನಾಟಕದ ಸೀನರಿಯಂತೆ ಬಣ್ಣದಲ್ಲಿ ಬರೆದದ್ದು; ಅದನ್ನು ಮರೆಮಾಚುವ ಪ್ರಯತ್ನವೂ ಇಲ್ಲ. ಕೊನೆಯ ಚಿತ್ರದಲ್ಲಿ ಆಕೆ ಹೆದ್ದಾರಿಯಲ್ಲಿ ಬಿದ್ದಿದ್ದಾಳೆ, ಬ್ರಿಸ್ಬೇನ್ ಇನ್ನೂ 300 ಮೈಲಿ. ಮಾಫಟ್ ಮಾತ್ರ 2017ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಆಸ್ಟ್ರೇಲಿಯಾವನ್ನು ಪ್ರತಿನಿಧಿಸಿದರು. ಆತ್ಮಕಥೆ ಎನ್ನುವವರು ಇದಕ್ಕೇನು ಹೇಳುತ್ತಾರೆ?

ಬದುಕಿಗೂ ಕೃತಿಗೂ ನಂಟೇ ಇಲ್ಲ ಎನ್ನುತ್ತಿಲ್ಲ. ಮೂಲನಿವಾಸಿ ಮೂಲದ ಮಾಫಟ್ ಬೆಳೆದದ್ದು ಬ್ರಿಸ್ಬೇನಿನ ಬಿಳಿಯರ ಮನೆಯಲ್ಲಿ. ಅದರ ನೆರಳು ಚಿತ್ರಗಳಲ್ಲಿ ಇದ್ದೀತು. ಆದರೆ ಕಥೆ ಹೆಣೆದು, ರಂಗ ಕಟ್ಟಿ, ವೇಷ ಆರಿಸಿ, ತಾನೇ ಪಾತ್ರವಾಗಿ ನಿಂತವರನ್ನು 'ಪಾಪ, ಎಷ್ಟು ಅನುಭವಿಸಿದ್ದಾರೆ' ಎಂದು ಮರುಗಿ ದಾಟಿಬಿಟ್ಟರೆ ನಿರ್ದೇಶಕಿ ಕಾಣುವುದೇ ಇಲ್ಲ. ನಟಿಯೂ ಆಕೆಯೇ, ನಿರ್ದೇಶಕಿಯೂ ಆಕೆಯೇ. ಇದನ್ನು ನಾನು ಪ್ರತಿ ಗುಂಪಿಗೂ ಹೇಳುತ್ತೇನೆ. ತಲೆಯಾಡಿಸುತ್ತಾರೆ, ಮುಂದಿನ ಕೋಣೆಯಲ್ಲಿ ಮತ್ತೆ ಅದನ್ನೇ ಕೇಳುತ್ತಾರೆ.

ತನ್ನ ಆಸ್ಟ್ರೇಲಿಯನ್ ಸಂಗ್ರಹದಲ್ಲಿ ಮಹಿಳೆಯರ ಕೃತಿಗಳು ಕೇವಲ ಶೇ 25 ಎಂದು ಒಪ್ಪಿಕೊಂಡು ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ 2019ರಲ್ಲಿ 'ನೋ ಮೈ ನೇಮ್' (ನನ್ನ ಹೆಸರು ತಿಳಿದುಕೊಳ್ಳಿ) ಎಂಬ, ಕಲಾವಿದೆಯರನ್ನು ಪರಿಚಯಿಸುವ ಅಭಿಯಾನ ಆರಂಭಿಸಿತು. ಒಳ್ಳೆಯದೇ. ಹೆಸರು ಬಲ್ಲವರೂ ಕಲ್ಪನೆಯ ಹೆಗ್ಗಳಿಕೆ ಕೊಡಲು ಹಿಂದೆಮುಂದೆ ನೋಡುತ್ತಾರೆ, ಅಷ್ಟೇ ನನ್ನ ತಕರಾರು.

ಇನ್ನೊಬ್ಬ ಆಸ್ಟ್ರೇಲಿಯನ್ ಕಲಾವಿದೆ ರೋಸ್‌ಮರಿ ಲೈಂಗ್ ಅವರ 2001ರ 'ಗ್ರೌಂಡ್‌ಸ್ಪೀಡ್' ಚಿತ್ರಗಳ ಮುಂದೆ ಶಂಕೆ ತಿರುವುಮುರುವಾಗುತ್ತದೆ. ಕಾಡಿನ ನೆಲದ ತುಂಬ ಹೂವಿನ ವಿನ್ಯಾಸದ ಕಾರ್ಪೆಟ್. "ಕಂಪ್ಯೂಟರಿನಲ್ಲಿ ಮಾಡಿದ್ದು" ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ಅಲ್ಲ ಸ್ವಾಮಿ, ನಿಜವಾದ ಕಾಡು, ನಿಜವಾದ ಕಾರ್ಪೆಟ್. ಒಮ್ಮೆ ಮಗಳ ಮನೆಗೆ ಬಂದಿದ್ದ ಮೈಸೂರಿನ ನಿವೃತ್ತ ಎಂಜಿನಿಯರೊಬ್ಬರು ಮಾತ್ರ ಕನ್ನಡಕ ಒರೆಸಿಕೊಂಡು ಕೇಳಿದರು: "ಮರದ ಬುಡದ ಸುತ್ತ ಅಂಚನ್ನು ಇಷ್ಟು ಸರಿಯಾಗಿ ಹೇಗೆ ಕತ್ತರಿಸಿದರಮ್ಮ?" ಉಳಿದವರು ಕಾಫಿಗೆ ಹೋದರು, ನಾವಿಬ್ಬರು ಅಲ್ಲೇ ನಿಂತು ಒಂದೊಂದೇ ಮರ ನೋಡುತ್ತಾ ಹೋದೆವು.