‘ಲಾ ತೋಸ್ಕಾ’ದಿಂದ ‘ತೋಸ್ಕಾ’ಗೆ: ಐದು ಅಂಕಗಳು ಮೂರಾದ ಬಗೆ

ವಿಕ್ಟೋರಿಯಾಂ ಸಾರ್ದು ಅವರ ‘ಲಾ ತೋಸ್ಕಾ’ ನಾಟಕ 1887ರ ನವೆಂಬರ್ 24ರಂದು ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಕಂಡಿತು. ನಾಯಕಿಯ ಪಾತ್ರವನ್ನು ಬರೆದದ್ದೇ ನಟಿ ಸಾರಾ ಬರ್ನಾರ್ ಅವರಿಗಾಗಿ. ಅದನ್ನು ಆಧರಿಸಿದ, ಇಟಲಿಯ ಸಂಗೀತ ಸಂಯೋಜಕ ಜಾಕೊಮೊ ಪುಚ್ಚೀನಿ ಅವರ ಒಪೆರಾ 1900ರ ಜನವರಿ 14ರಂದು ರೋಮಿನ ಕೋಸ್ತಾಂಜಿ ರಂಗಮಂದಿರದಲ್ಲಿ ರಂಗವೇರಿತು. ಇಲ್ಲಿ ಒಂದು ಪದದ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಫ್ರೆಂಚಿನ ‘ಮೆಲೊಡ್ರಾಮ್’ ಎಂದರೆ ಭಾವಾವೇಶ ತುಂಬಿದ ರಂಗನಾಟಕ. ಇಟಾಲಿಯನ್ನಿನ ‘ಮೆಲೊಡ್ರಾಮ್ಮ’ ಎಂದರೆ ಒಪೆರಾಗೇ ಇರುವ ಹಳೆಯ ಹೆಸರು. ಪುಚ್ಚೀನಿಯವರ ಕೃತಿಯನ್ನು ‘ಮೂರು ಅಂಕಗಳ ಮೆಲೊಡ್ರಾಮ್ಮ’ ಎಂದು ಕರೆದಿರುವುದು ಎರಡನೆಯ ಅರ್ಥದಲ್ಲಿ. ಕಥೆಗೆ ಮೊದಲನೆಯ ಅರ್ಥವೂ ಚೆನ್ನಾಗಿಯೇ ಒಪ್ಪುತ್ತದೆ.

ಕಥೆ ನಡೆಯುವುದು 1800ರ ಜೂನ್ ತಿಂಗಳ ರೋಮಿನಲ್ಲಿ, ನೆಪೋಲಿಯನ್ ಆಸ್ಟ್ರಿಯನ್ನರನ್ನು ಸೋಲಿಸಿದ ಮರೆಂಗೊ ಕದನದ ಸುದ್ದಿ ತಲುಪುವ ಹೊತ್ತಿಗೆ. ಸೆರೆಯಿಂದ ತಪ್ಪಿಸಿಕೊಂಡ ರಾಜಕೀಯ ಕೈದಿ ಆಂಜೆಲೊತ್ತಿಗೆ ಚಿತ್ರಕಾರ ಕವರದೊಸ್ಸಿ ಆಶ್ರಯ ಕೊಡುತ್ತಾನೆ. ಪೊಲೀಸ್ ಮುಖ್ಯಸ್ಥ ಸ್ಕಾರ್ಪಿಯಾ ಚಿತ್ರಕಾರನ ಪ್ರೇಯಸಿಯಾದ ಗಾಯಕಿ ತೋಸ್ಕಾಳ ಅಸೂಯೆಯನ್ನು ಕೆರಳಿಸಿ ಆ ಇಬ್ಬರ ಸುಳಿವು ಹಿಡಿಯುತ್ತಾನೆ.

ಸಾರ್ದು ಐದು ಅಂಕಗಳಲ್ಲಿ ಪ್ರತಿ ಪಾತ್ರದ ಪೂರ್ವಕಥೆಯನ್ನೂ ರಾಜಕೀಯವನ್ನೂ ಮಾತಿನಲ್ಲಿ ವಿವರಿಸುತ್ತಾರೆ. ಇಲ್ಲಿಕಾ ಮತ್ತು ಜಕೋಸಾ ಅವರು ಗೀತಪಠ್ಯ ಸಿದ್ಧಪಡಿಸುವಾಗ ಇದರಲ್ಲಿ ಬಹುಪಾಲನ್ನು ಕತ್ತರಿಸಿದರು. ಆಂಜೆಲೊತ್ತಿಯ ಹಿನ್ನೆಲೆ ಒಪೆರಾದಲ್ಲಿ ತೀರಾ ಮಸುಕಾಗಿರುವುದು ಈ ಕತ್ತರಿಯ ನಷ್ಟವೆಂದೇ ನನ್ನ ಎಣಿಕೆ. ಆದರೆ ಲಾಭ ದೊಡ್ಡದು. ನಾಟಕದ ಎರಡನೆಯ ಅಂಕ ಪೂರ್ತಿ ಫರ್ನೇಸೆ ಅರಮನೆಯಲ್ಲಿ ರಾಣಿ ಏರ್ಪಡಿಸಿದ ಸಂಭ್ರಮಕ್ಕೆ ಮೀಸಲು. ಒಪೆರಾದಲ್ಲಿ ಆ ಸಂಭ್ರಮವೆಲ್ಲ ಕಿಟಕಿಯಾಚೆಯಿಂದ ಕೇಳಿಬರುವ ಹಾಡಾಗಿ ಉಳಿದಿದೆ. ಅದೇ ಅರಮನೆಯ ತನ್ನ ಕೋಣೆಯಲ್ಲಿ ಕವರದೊಸ್ಸಿಯನ್ನು ವಿಚಾರಣೆಗೆ ಗುರಿಪಡಿಸಿರುವ ಸ್ಕಾರ್ಪಿಯಾ ಆ ಕಿಟಕಿಯನ್ನು ಮುಚ್ಚಿಬಿಡುತ್ತಾನೆ. ಒಂದು ಇಡೀ ಅಂಕದ ಕೆಲಸವನ್ನು ಆ ಕಿಟಕಿ ಮಾಡಿಬಿಟ್ಟಿದೆ.

ಕೊಲೆಯ ದೃಶ್ಯವನ್ನು ಮಾತ್ರ ಪುಚ್ಚೀನಿ ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡರು. ಕವರದೊಸ್ಸಿಯ ಜೀವಕ್ಕೆ ಬೆಲೆಯಾಗಿ ತನ್ನನ್ನೇ ಕೇಳಿದ ಸ್ಕಾರ್ಪಿಯಾನನ್ನು ಊಟದ ಮೇಜಿನ ಚಾಕುವಿನಿಂದ ಇರಿದ ತೋಸ್ಕಾ, ಊರು ಬಿಡಲು ಬೇಕಾದ ಪರವಾನಗಿ ಪತ್ರವನ್ನು ಅವನ ಹಿಡಿಯಿಂದ ಬಿಡಿಸಿಕೊಂಡು, ಶವದ ತಲೆಯ ಎರಡೂ ಬದಿಗೆ ಮೇಣದಬತ್ತಿಗಳನ್ನಿಟ್ಟು, ಎದೆಯ ಮೇಲೆ ಶಿಲುಬೆಯನ್ನಿರಿಸಿ ಹೊರನಡೆಯುತ್ತಾಳೆ. ಬರ್ನಾರ್ ಇದನ್ನು ಮೂಕಾಭಿನಯದಲ್ಲಿ ತೋರಿಸಿದ್ದರು. ಒಪೆರಾದಲ್ಲಿ ವಾದ್ಯಮೇಳ ತಗ್ಗಿದ ದನಿಯಲ್ಲಿ ಅದರ ಜೊತೆಗೂಡುತ್ತದೆ. ಅದಕ್ಕೆ ಮುನ್ನ ಬರುವ, ಇಡೀ ರೋಮ್ ಇವನ ಮುಂದೆ ನಡುಗುತ್ತಿತ್ತು ಎಂಬ ಸಾಲನ್ನು ಗಾಯಕಿ ಏರಿಳಿತವಿಲ್ಲದೆ ಒಂದೇ ಸ್ವರದಲ್ಲಿ ಹೇಳುತ್ತಾಳೆ. ಪುಚ್ಚೀನಿಯವರಿಗೆ ಫ್ರೆಂಚ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ ಬರ್ನಾರ್ ಅವರ ಪ್ರಯೋಗ ನೋಡಿ ಮನಸೋತಿದ್ದರು. ಮಾತು ತಿಳಿಯದೆಯೂ ಹಿಡಿದು ನಿಲ್ಲಿಸುವ ಇಂಥ ದೃಶ್ಯಗಳೇ ಸಂಗೀತಕ್ಕೆ ಒದಗಿದವು ಎಂದು ಓದಿಕೊಳ್ಳಬಹುದು.

ಮೂರನೆಯ ಅಂಕದ ಮುಂಜಾವಿನಲ್ಲಿ ಹೀಗೆ ಆಧಾರವಾಗಿ ಹಿಡಿಯಲು ನಾಟಕದ ಮಾತೂ ಇರಲಿಲ್ಲ. ಆ ಅಂಕ ನಡೆಯುವ ಸಂತ್ ಆಂಜೆಲೊ ಕೋಟೆಯಿಂದ ಬೆಳಗಿನ ಘಂಟಾನಾದ ಹೇಗೆ ಕೇಳಿಸುತ್ತದೆಂದು ತಿಳಿಯಲು ಪುಚ್ಚೀನಿ ರೋಮಿಗೇ ಹೋದರು; ಸಂತ ಪೀಟರ್ ದೇವಾಲಯದ ದೊಡ್ಡ ಗಂಟೆಯ ಶ್ರುತಿ ಯಾವುದೆಂದು ವಿಚಾರಿಸಿಕೊಂಡು ಅದನ್ನೇ ಸ್ವರಲಿಪಿಯಲ್ಲಿ ಬರೆದರು.