ಕಣದಿಂದ ಕಚೇರಿಗೆ ಹೋದ ಬಾಕ್ಸಿಂಗ್ ಪಟ್ಟ

2016ರ ಜನವರಿ 16ರ ರಾತ್ರಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಮತ್ತು ಉಕ್ರೇನಿನ ವ್ಯಾಚೆಸ್ಲಾವ್ ಗ್ಲಾಜ್ಕೋವ್ ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಫೆಡರೇಷನ್‌ನ (ಐಬಿಎಫ್) ಹೆವಿವೇಟ್ ಬೆಲ್ಟ್‌ಗಾಗಿ ಸೆಣಸುತ್ತಿದ್ದರು. ಮೂರನೇ ಸುತ್ತಿನಲ್ಲಿ ಗ್ಲಾಜ್ಕೋವ್ ಅವರ ಮೊಣಕಾಲು ಕೈಕೊಟ್ಟಿತು. ಹೊಡೆತ ತಿಂದು ಬಿದ್ದದ್ದಲ್ಲ, ಕಾಲು ಹೊರಳಿ ಬಿದ್ದದ್ದು. ಎದ್ದು ನಿಂತರೂ ಆ ಕಾಲಿನ ಮೇಲೆ ಭಾರ ಊರಲಾಗಲಿಲ್ಲ. ಪಂದ್ಯ ಅಲ್ಲಿಗೇ ನಿಂತಿತು, ಮಾರ್ಟಿನ್ ವಿಶ್ವ ಚಾಂಪಿಯನ್ ಆದರು.

ಅದೇ ರಿಂಗ್‌ನಲ್ಲಿ, ಅದೇ ರಾತ್ರಿ, ಡಿಯಾಂಟೆ ವೈಲ್ಡರ್ ಎದುರಾಳಿಯನ್ನು ಒಂಬತ್ತನೇ ಸುತ್ತಿನಲ್ಲಿ ಕೆಡವಿ ಇನ್ನೊಂದು ಸಂಸ್ಥೆ ಡಬ್ಲ್ಯುಬಿಸಿಯ ಹೆವಿವೇಟ್ ವಿಶ್ವ ಪಟ್ಟ ಉಳಿಸಿಕೊಂಡರು. ಆ ಗೆಲುವಿನ ಬಿಸಿ ಆರುವ ಮೊದಲೇ ಟೈಸನ್ ಫ್ಯೂರಿ ರಿಂಗ್ ಹತ್ತಿ ಬಂದು ವೈಲ್ಡರ್ ಮುಖಕ್ಕೆ ಮುಖ ಕೊಟ್ಟು ಕೂಗಿದರು. ಒಂಬತ್ತೂವರೆ ವರ್ಷ ಅಲುಗಾಡದೆ ಕುಳಿತಿದ್ದ ವ್ಲಾಡಿಮಿರ್ ಕ್ಲಿಚ್ಕೊ ಅವರನ್ನು ಏಳು ವಾರಗಳ ಹಿಂದಷ್ಟೇ ಸೋಲಿಸಿದ್ದು ಫ್ಯೂರಿ. ಮಾರ್ಟಿನ್ ಗೆದ್ದ ಬೆಲ್ಟ್ ಕೂಡ ಆ ಗೆಲುವಿನಲ್ಲಿ ಫ್ಯೂರಿಗೇ ಬಂದಿತ್ತು. ಕ್ಲಿಚ್ಕೊ ಜತೆ ಮರುಪಂದ್ಯಕ್ಕೆ ಒಪ್ಪಿದ್ದರಿಂದ ಐಬಿಎಫ್ ಮುಂದಿನ ಎದುರಾಳಿಯೆಂದು ಗೊತ್ತುಮಾಡಿದ್ದ ಗ್ಲಾಜ್ಕೋವ್ ಜತೆ ಅವರು ಆಡುವಂತಿರಲಿಲ್ಲ. ಫ್ಯೂರಿ ಗೆದ್ದು ಎರಡು ವಾರ ತುಂಬುವ ಮೊದಲೇ ಐಬಿಎಫ್ ತನ್ನ ಬೆಲ್ಟ್ ವಾಪಸ್ ಪಡೆಯಿತು. ಉಳಿದ ಬೆಲ್ಟ್‌ಗಳು ಅವರ ಬಳಿಯೇ ಇದ್ದವು. ಒಂದೇ ಛಾವಣಿಯ ಕೆಳಗೆ ಮೂವರು ಹೆವಿವೇಟ್ ಚಾಂಪಿಯನ್ನರು. ಮತ್ತೊಂದು ಸಂಸ್ಥೆ ಡಬ್ಲ್ಯುಬಿಎಯ ಎರಡನೇ ದರ್ಜೆಯ ಬೆಲ್ಟ್ ಹೊತ್ತ ಇನ್ನೊಬ್ಬರು ಬೇರೆಡೆ ಇದ್ದರು. ಪ್ರೇಕ್ಷಕ ಕೇಳುವುದು ಒಂದೇ ಪ್ರಶ್ನೆ: ಇವರಲ್ಲಿ ಚಾಂಪಿಯನ್ ಯಾರು?

ಒಂದು ಕಾಲದಲ್ಲಿ ಇದಕ್ಕೆ ಉತ್ತರ ಸರಳವಾಗಿತ್ತು. ಚಾಂಪಿಯನ್ನನ್ನು ಸೋಲಿಸಿದವನೇ ಚಾಂಪಿಯನ್. ಫ್ಲೈವೇಟ್‌ನಿಂದ ಹೆವಿವೇಟ್‌ವರೆಗೆ ಎಂಟು ತೂಕಗಳು, ಎಂಟು ಹೆಸರುಗಳು. ಆಗಲೂ ಜಗಳ ಇರಲಿಲ್ಲವೆಂದಲ್ಲ. 1920ರಲ್ಲಿ ನ್ಯೂಯಾರ್ಕ್ ರಾಜ್ಯ ತನ್ನದೇ ಆಯೋಗ ರಚಿಸಿಕೊಂಡಿತು. ಮರುವರ್ಷ ಉಳಿದ ರಾಜ್ಯಗಳ ಆಯೋಗಗಳು ಸೇರಿ ನ್ಯಾಷನಲ್ ಬಾಕ್ಸಿಂಗ್ ಅಸೋಸಿಯೇಷನ್ ಕಟ್ಟಿದವು. ಇಬ್ಬರೂ ಬೇರೆ ಬೇರೆ ಹೆಸರು ಘೋಷಿಸಿದ ಸಂದರ್ಭಗಳಿವೆ. ಆದರೆ ಆ ಒಡಕುಗಳು ಬಹುಪಾಲು ರಿಂಗ್‌ನಲ್ಲೇ ಮುಚ್ಚಿಹೋಗುತ್ತಿದ್ದವು.

ಈ ನ್ಯಾಷನಲ್ ಅಸೋಸಿಯೇಷನ್ 1962ರಲ್ಲಿ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಎಂದು ಹೆಸರು ಬದಲಿಸಿಕೊಂಡಿತು. ಅದೇ ಡಬ್ಲ್ಯುಬಿಎ. 1963ರ ಫೆಬ್ರುವರಿಯಲ್ಲಿ ಮೆಕ್ಸಿಕೊ ನಗರದಲ್ಲಿ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್, ಅಂದರೆ ಡಬ್ಲ್ಯುಬಿಸಿ ಹುಟ್ಟಿತು. ಇದರ ಹಿಂದೆ ನ್ಯಾಯವಾದ ಒಂದು ಬೇಡಿಕೆ ಇತ್ತು ಎಂಬುದನ್ನು ಮರೆಯಬಾರದು. ಲ್ಯಾಟಿನ್ ಅಮೆರಿಕ ಮತ್ತು ಏಷ್ಯಾದ ಬಾಕ್ಸರ್‌ಗಳು ಪಟ್ಟಗಳನ್ನು ಗೆಲ್ಲುತ್ತಿದ್ದರೂ ನಿಯಮ ಬರೆಯುವವರು ಅಮೆರಿಕದವರೇ ಆಗಿದ್ದರು. ತಮಗೂ ಮಾತು ಬೇಕು ಎಂದು ಉಳಿದ ದೇಶಗಳು ಕೇಳಿದ್ದರಲ್ಲಿ ತಪ್ಪೇನಿಲ್ಲ.

ತಪ್ಪು ಶುರುವಾದದ್ದು ಪಟ್ಟವನ್ನು ಕಚೇರಿಯಲ್ಲಿ ಕಿತ್ತುಕೊಂಡು ಕಚೇರಿಯಲ್ಲೇ ಕೊಡುವ ಅಭ್ಯಾಸದಿಂದ. 1964ರಲ್ಲಿ ಮುಹಮ್ಮದ್ ಅಲಿ ಅವರು ಸೋನಿ ಲಿಸ್ಟನ್ ಜತೆ ಮರುಪಂದ್ಯಕ್ಕೆ ಒಪ್ಪಿದ್ದನ್ನು ನೆಪವಾಗಿಸಿ ಡಬ್ಲ್ಯುಬಿಎ ಅವರ ಪಟ್ಟ ರದ್ದು ಮಾಡಿತು. ಎರ್ನಿ ಟೆರೆಲ್ ಅದರ ಚಾಂಪಿಯನ್ ಆದರು. 1967ರ ಫೆಬ್ರುವರಿಯಲ್ಲಿ ಅಲಿ ಹ್ಯೂಸ್ಟನ್‌ನಲ್ಲಿ ಟೆರೆಲ್ ಅವರನ್ನು ಹದಿನೈದು ಸುತ್ತು ಜರ್ಜರಿತಗೊಳಿಸಿ ಎರಡು ಪಟ್ಟಗಳನ್ನು ಒಂದಾಗಿಸಿದರು. ಮೂರು ತಿಂಗಳೊಳಗೆ ಸೇನೆ ಸೇರಲು ನಿರಾಕರಿಸಿದ್ದಕ್ಕೆ ಎಲ್ಲವನ್ನೂ ಕಳೆದುಕೊಂಡರು.

ಕೆನ್ ನಾರ್ಟನ್ ಅವರ ಕಥೆ ಇನ್ನೂ ಮನಕಲಕುವಂಥದ್ದು. 1978ರಲ್ಲಿ ಅಲಿಯನ್ನು ಸೋಲಿಸಿದ ಲಿಯಾನ್ ಸ್ಪಿಂಕ್ಸ್, ನಾರ್ಟನ್ ಜತೆ ಆಡುವ ಬದಲು ಅಲಿ ಜತೆಗೇ ಮತ್ತೊಮ್ಮೆ ಆಡಲು ಹೊರಟರು. ಡಬ್ಲ್ಯುಬಿಸಿ ಅವರ ಪಟ್ಟ ಕಿತ್ತುಕೊಂಡಿತು. ಹಿಂದಿನ ವರ್ಷ ನಾರ್ಟನ್ ಅವರು ಜಿಮ್ಮಿ ಯಂಗ್ ವಿರುದ್ಧ ಗೆದ್ದಿದ್ದ ಪಂದ್ಯವನ್ನೇ ಪಟ್ಟದ ಪಂದ್ಯವೆಂದು ಹಿಂದಿನಿಂದ ಅನ್ವಯಿಸಿ, ಅವರನ್ನು ಚಾಂಪಿಯನ್ ಎಂದು ಘೋಷಿಸಿತು. ಆ ವರ್ಷದ ಜೂನ್‌ನಲ್ಲಿ ಲ್ಯಾರಿ ಹೋಮ್ಸ್ ಅವರೊಡನೆ ನಾರ್ಟನ್ ಆಡಿದ ಹದಿನೈದು ಸುತ್ತುಗಳನ್ನು ಹೆವಿವೇಟ್ ಇತಿಹಾಸದ ಅತ್ಯುತ್ತಮ ಪಂದ್ಯಗಳಲ್ಲಿ ಎಣಿಸುತ್ತಾರೆ. ಕೂದಲೆಳೆಯಲ್ಲಿ ಸೋತರು. ಜೀವನದಲ್ಲಿ ಆಡಿದ ಮೂರು ಪಟ್ಟದ ಪಂದ್ಯಗಳಲ್ಲಿ ಮೂರನ್ನೂ ಸೋತ ಮಾಜಿ ವಿಶ್ವ ಚಾಂಪಿಯನ್ ಎಂದು ಅವರ ಹೆಸರು ದಾಖಲೆಯಲ್ಲಿ ಉಳಿಯಿತು. ಅಲಿಯ ದವಡೆ ಮುರಿದಿದ್ದ ಬಾಕ್ಸರ್‌ಗೆ ಇದು ಸಲ್ಲುವ ಮರ್ಯಾದೆಯಲ್ಲ.

1983ರಲ್ಲಿ ಐಬಿಎಫ್ ಬಂತು. ಡಬ್ಲ್ಯುಬಿಎ ಅಧ್ಯಕ್ಷ ಸ್ಥಾನದ ಚುನಾವಣೆಯಲ್ಲಿ ಸೋತಿದ್ದ ಬಾಬ್ ಲೀ ನ್ಯೂಜೆರ್ಸಿಯಲ್ಲಿ ಇದನ್ನು ಕಟ್ಟಿದರು. ಹೊಸ ಸಂಸ್ಥೆಯ ಬೆಲ್ಟ್‌ಗೆ ಬೆಲೆ ಬರುವುದು ಹೇಗೆ? ಡಬ್ಲ್ಯುಬಿಸಿ ಜತೆ ಮನಸ್ತಾಪವಾಗಿ ಅದರ ಪಟ್ಟ ಬಿಟ್ಟುಕೊಟ್ಟ ಲ್ಯಾರಿ ಹೋಮ್ಸ್‌ಗೆ ಲೀ ತಮ್ಮ ಬೆಲ್ಟ್ ಕೊಟ್ಟರು. ಹೋಮ್ಸ್‌ಗಿದ್ದ ಗೌರವವೇ ಬೆಲ್ಟ್‌ಗೂ ಅಂಟಿಕೊಂಡಿತು. ಬೆಲ್ಟ್ ಬಾಕ್ಸರ್‌ನನ್ನು ದೊಡ್ಡವನನ್ನಾಗಿ ಮಾಡುವ ಕಾಲ ಹೋಗಿ, ಬಾಕ್ಸರ್ ಬೆಲ್ಟ್‌ಗೆ ಬೆಲೆ ತಂದುಕೊಡುವ ಕಾಲ ಬಂದಿತ್ತು. 1988ರಲ್ಲಿ ಡಬ್ಲ್ಯುಬಿಎಯಿಂದ ಸಿಡಿದುಹೋದವರು ಪೋರ್ಟೊರಿಕೊದಲ್ಲಿ ವರ್ಲ್ಡ್ ಬಾಕ್ಸಿಂಗ್ ಆರ್ಗನೈಸೇಷನ್ (ಡಬ್ಲ್ಯುಬಿಒ) ಆರಂಭಿಸಿದರು. ಅಲ್ಲಿಗೆ ನಾಲ್ಕಾಯಿತು.

ಈ ನಡುವೆ ತೂಕದ ವಿಭಾಗಗಳೂ ಎಂಟರಿಂದ ಹದಿನೇಳಕ್ಕೆ ಏರಿದವು. ಕೆಳಗಿನ ತೂಕಗಳನ್ನು ನೋಡಿ: 105, 108, 112, 115, 118 ಪೌಂಡ್. ಆರು ಕೆಜಿಯೊಳಗೆ ಐದು ವಿಭಾಗ. 115ಕ್ಕೂ 118ಕ್ಕೂ ಇರುವ ಅಂತರ ಒಂದೂವರೆ ಕೆಜಿಯೂ ಇಲ್ಲ. ತೂಕ ಇಳಿಸಲು ನೀರು ಬಿಟ್ಟು ಬಳಲುವ ಸಣ್ಣ ಮೈಕಟ್ಟಿನ ಬಾಕ್ಸರ್‌ಗಳಿಗೆ ಹೊಸ ವಿಭಾಗಗಳು ನೆರವಾದದ್ದು ನಿಜ, ಅದನ್ನು ನಾನು ಒಪ್ಪುತ್ತೇನೆ. ಆದರೆ ಹದಿನೇಳನ್ನು ನಾಲ್ಕರಿಂದ ಗುಣಿಸಿದರೆ ಅರವತ್ತೆಂಟು. ಅದರ ಮೇಲೆ ಡಬ್ಲ್ಯುಬಿಎಯ ‘ಸೂಪರ್’, ‘ರೆಗ್ಯುಲರ್’, ‘ಗೋಲ್ಡ್’, ಡಬ್ಲ್ಯುಬಿಸಿಯ ‘ಡೈಮಂಡ್’, ‘ಫ್ರಾಂಚೈಸಿ’, ಎಲ್ಲರ ಬಳಿಯೂ ಇರುವ ‘ಇಂಟೆರಿಮ್’, ಅಂದರೆ ತಾತ್ಕಾಲಿಕ ಪಟ್ಟ.

ಇಷ್ಟೊಂದು ಏಕೆ? ಪಟ್ಟದ ಪಂದ್ಯಕ್ಕೆ ಮಾನ್ಯತೆ ಕೊಟ್ಟದ್ದಕ್ಕೆ ಈ ಸಂಸ್ಥೆಗಳು ಬಾಕ್ಸರ್‌ಗಳ ಸಂಭಾವನೆಯಲ್ಲಿ ಸಾಮಾನ್ಯವಾಗಿ ಶೇ 3ರಷ್ಟು ಪಾಲು ಪಡೆಯುತ್ತವೆ. ಚಾಂಪಿಯನ್‌ಗೆ ಹತ್ತು ಲಕ್ಷ ಡಾಲರ್ ಸಿಕ್ಕರೆ ಮೂವತ್ತು ಸಾವಿರ ಸಂಸ್ಥೆಗೆ. ಎರಡು ಬೆಲ್ಟ್ ಪಣಕ್ಕಿದ್ದರೆ ಎರಡೂ ಸಂಸ್ಥೆಗಳಿಗೆ ಕಟ್ಟಬೇಕು. ಬೆಲ್ಟ್ ಹೆಚ್ಚಿದಷ್ಟೂ ಪಟ್ಟದ ಪಂದ್ಯಗಳು ಹೆಚ್ಚು, ಶುಲ್ಕವೂ ಹೆಚ್ಚು. ಪ್ರಮೋಟರ್‌ಗಳಿಗೂ ಟಿವಿಯವರಿಗೂ ಪೋಸ್ಟರ್ ಮೇಲೆ ‘ವಿಶ್ವ ಚಾಂಪಿಯನ್‌ಷಿಪ್’ ಎಂಬ ಪದ ಬೇಕು. ಹಣ ಹೋಗುವುದು ಮಾತ್ರ ತಲೆಗೆ ಪೆಟ್ಟು ತಿನ್ನುವವರ ಜೇಬಿನಿಂದ.

ಆ ಹಣಕ್ಕೆ ಬಾಕ್ಸರ್‌ಗಳಿಗೆ ಸಿಕ್ಕಿದ್ದೇನು ಎಂದು ನೋಡಿದರೆ ಸಿಟ್ಟು ಬರುತ್ತದೆ. ಐಬಿಎಫ್‌ನ ಬಾಬ್ ಲೀ ವಿರುದ್ಧ ರ‍್ಯಾಂಕಿಂಗ್‌ಗಾಗಿ ಲಂಚ ಪಡೆದ ಆರೋಪದ ಮೇಲೆ ಮೊಕದ್ದಮೆ ನಡೆಯಿತು. ಲಂಚದ ಮುಖ್ಯ ಆರೋಪಗಳಿಂದ ಖುಲಾಸೆಯಾದರೂ ಹಣದ ಅಕ್ರಮ ವರ್ಗಾವಣೆ ಮತ್ತು ತೆರಿಗೆ ವಂಚನೆಯಲ್ಲಿ ತಪ್ಪಿತಸ್ಥರಾಗಿ 22 ತಿಂಗಳ ಜೈಲು ಶಿಕ್ಷೆಗೆ ಒಳಗಾದರು. ಡಬ್ಲ್ಯುಬಿಒ ಪಟ್ಟಿಯಲ್ಲಿ ಡ್ಯಾರಿನ್ ಮಾರಿಸ್ ಎಂಬ ಬಾಕ್ಸರ್ 2000ದ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೂ ಏಳನೇ ಸ್ಥಾನದಿಂದ ಐದಕ್ಕೆ ಏರಿದರು. ಸತ್ತವರ ಸುದ್ದಿಯೂ ತಲುಪದ ಕಡೆ ಬದುಕಿರುವವರ ಯೋಗ್ಯತೆಯನ್ನು ಯಾರು ಅಳೆಯುತ್ತಿದ್ದರು? ಜರ್ಮನಿಯ ಗ್ರಾಸಿಯಾನೊ ರೊಕ್ಕಿಜಾನಿ 1998ರಲ್ಲಿ ಗೆದ್ದ ಪಟ್ಟವನ್ನು ಡಬ್ಲ್ಯುಬಿಸಿ ಬಳಿಕ ‘ಮುದ್ರಣ ದೋಷ’ ಎಂದಿತು. ಅವರು ನ್ಯೂಯಾರ್ಕ್ ನ್ಯಾಯಾಲಯಕ್ಕೆ ಹೋದರು. ಮೂರು ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರದ ತೀರ್ಪು ಬಂದಾಗ ಡಬ್ಲ್ಯುಬಿಸಿ ದಿವಾಳಿ ಅರ್ಜಿ ಹಾಕಬೇಕಾಯಿತು, ಕೊನೆಗೆ ರಾಜಿಯಾಯಿತು.

2021ರ ಆಗಸ್ಟ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆದದ್ದು ಇತ್ತೀಚಿನ ಉದಾಹರಣೆ. ಡಬ್ಲ್ಯುಬಿಎಯ ವೆಲ್ಟರ್‌ವೇಟ್ ವಿಭಾಗದಲ್ಲಿ ಆಗಲೇ ಒಬ್ಬ ಸೂಪರ್ ಚಾಂಪಿಯನ್, ಒಬ್ಬ ರೆಗ್ಯುಲರ್ ಚಾಂಪಿಯನ್ ಇದ್ದರು. ಸಾಲದೆಂಬಂತೆ ಇಂಟೆರಿಮ್ ಪಟ್ಟಕ್ಕೆ ಗೇಬ್ರಿಯಲ್ ಮೇಸ್ಟ್ರೆ ಮತ್ತು ಮೈಕಲ್ ಫಾಕ್ಸ್ ಕಣಕ್ಕಿಳಿದರು. ಫಾಕ್ಸ್ ಎರಡನೇ ಸುತ್ತಿನಲ್ಲೇ ಮೇಸ್ಟ್ರೆಯನ್ನು ಕೆಡವಿದರು. ನೋಡಿದವರೆಲ್ಲ ಅವರೇ ಗೆದ್ದರೆಂದುಕೊಂಡಿದ್ದರು. ಮೂವರು ತೀರ್ಪುಗಾರರೂ ಮೇಸ್ಟ್ರೆ ಪರ ಅಂಕ ಕೊಟ್ಟರು. ಒಬ್ಬರ ಚೀಟಿಯಲ್ಲಿ 117-110 ಇತ್ತು. ಜನ ಎಷ್ಟು ರೊಚ್ಚಿಗೆದ್ದರೆಂದರೆ, ಅದೇ ತಿಂಗಳು ಡಬ್ಲ್ಯುಬಿಎ ತನ್ನ ಎಲ್ಲ ಇಂಟೆರಿಮ್ ಪಟ್ಟಗಳನ್ನೂ ರದ್ದುಪಡಿಸಿತು. ಆದರೆ ಆ ಪದ್ಧತಿ ಅಲ್ಲಿಗೆ ಮುಗಿಯಲಿಲ್ಲ, ಮತ್ತೆ ತಲೆಯೆತ್ತಿತು.

ನಮ್ಮ ದೇಶದ ಓದುಗರಿಗೂ ಇದರ ಬಿಸಿ ತಟ್ಟಿದೆ. 2016ರಲ್ಲಿ ವಿಜೇಂದರ್ ಸಿಂಗ್ ದೆಹಲಿಯಲ್ಲಿ ಗೆದ್ದದ್ದು ಡಬ್ಲ್ಯುಬಿಒದ ಏಷ್ಯಾ ಪೆಸಿಫಿಕ್ ಪಟ್ಟ, ಅಂದರೆ ವಲಯ ಮಟ್ಟದ ಬೆಲ್ಟ್. 2024ರಲ್ಲಿ ಮನದೀಪ್ ಜಾಂಗ್ಡಾ ‘ವಿಶ್ವ ಚಾಂಪಿಯನ್’ ಆದರೆಂದು ಸುದ್ದಿ ಬಂತು. ಆ ಪಟ್ಟ ಕೊಟ್ಟ ಡಬ್ಲ್ಯುಬಿಎಫ್ ಈ ನಾಲ್ಕರ ಲೆಕ್ಕಕ್ಕೇ ಬರದ ಸಂಸ್ಥೆ. ಇಬ್ಬರ ಬೆವರೂ ನಿಜ, ಗೆಲುವೂ ನಿಜ. ಆ ಗೆಲುವು ಎಷ್ಟು ಎತ್ತರದ್ದು ಎಂದು ಅಭಿಮಾನಿಗೆ ತಿಳಿಯುವ ದಾರಿಯನ್ನೇ ಈ ಬೆಲ್ಟ್‌ಗಳ ರಾಶಿ ಮುಚ್ಚಿಬಿಟ್ಟಿದೆ.

2024ರ ಮೇ 18ರಂದು ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅವರು ಫ್ಯೂರಿಯನ್ನು ಸೋಲಿಸಿದಾಗ, 1999ರಲ್ಲಿ ಲೆನಾಕ್ಸ್ ಲೂಯಿಸ್ ಗೆದ್ದ ಬಳಿಕ ಮೊದಲ ಬಾರಿಗೆ ಹೆವಿವೇಟ್‌ಗೆ ನಿರ್ವಿವಾದ ಚಾಂಪಿಯನ್ ಸಿಕ್ಕರು. ಇಪ್ಪತ್ನಾಲ್ಕು ವರ್ಷ ಕಾಯ್ದು ಪಡೆದ ಆ ಏಕತೆ ಬಾಳಿದ್ದು ಒಂದೂವರೆ ತಿಂಗಳೂ ಇಲ್ಲ. ಫ್ಯೂರಿ ಜತೆ ಮರುಪಂದ್ಯಕ್ಕೆ ಒಪ್ಪಿದ್ದ ಉಸಿಕ್, ಕಡ್ಡಾಯ ಸ್ಪರ್ಧಿಯೊಂದಿಗೆ ಆಡಲಾಗದೆ ಜೂನ್‌ನಲ್ಲಿ ಐಬಿಎಫ್ ಬೆಲ್ಟ್ ಬಿಟ್ಟುಕೊಟ್ಟರು. ಬೆಲ್ಟ್ ಡೇನಿಯಲ್ ಡುಬುವಾ ಅವರಿಗೆ ಹೋಯಿತು. 2025ರ ಜುಲೈನಲ್ಲಿ ಉಸಿಕ್ ವೆಂಬ್ಲಿಯಲ್ಲಿ ಡುಬುವಾರನ್ನು ಐದನೇ ಸುತ್ತಿನಲ್ಲಿ ಕೆಡವಿ ನಾಲ್ಕನ್ನೂ ಮತ್ತೆ ಒಟ್ಟುಗೂಡಿಸಿದರು. ನವೆಂಬರ್‌ನಲ್ಲಿ ಡಬ್ಲ್ಯುಬಿಒ ಬೆಲ್ಟ್ ಕೈಬಿಟ್ಟರು. ಅದರ ಇಂಟೆರಿಮ್ ಚಾಂಪಿಯನ್ ಆಗಿದ್ದ ಫೇಬಿಯೊ ವಾರ್ಡ್ಲಿ, ಉಸಿಕ್ ಎದುರು ಒಂದು ಸುತ್ತನ್ನೂ ಆಡದೆ ಪೂರ್ಣ ಚಾಂಪಿಯನ್ ಎನಿಸಿಕೊಂಡರು.